ಸಂಚಿ ಹೊತ್ತವರು, ಸಂಚಿ ಹೊಲಿದವರು: ಕನ್ನಡ ನಾಡಿನ ಮನೆಹೊಲಿಗೆಯ ಚೀಲಗಳ ಚರಿತ್ರೆ

ಕನ್ನಡ ಸಾಹಿತ್ಯ ಚರಿತ್ರೆಯಲ್ಲಿ ಇಬ್ಬರು ರಚನಕಾರರು ಚೀಲದ ಹೆಸರಿನಿಂದಲೇ ಪ್ರಸಿದ್ಧರಾಗಿದ್ದಾರೆ. 12ನೆಯ ಶತಮಾನದ ಹಡಪದ ಅಪ್ಪಣ್ಣ ಬಸವಣ್ಣನವರ ತಾಂಬೂಲದ ಚೀಲವನ್ನು ನೋಡಿಕೊಳ್ಳುತ್ತಿದ್ದ ಶರಣ. ‘ಬಸವಪ್ರಿಯ ಕೂಡಲಚೆನ್ನಬಸವಣ್ಣ’ ಎಂಬುದು ಆತನ ವಚನಗಳ ಅಂಕಿತ. ಆತನ ಪತ್ನಿ ಲಿಂಗಮ್ಮನೂ ವಚನಕಾರ್ತಿ. ಆಕೆಯ ಹೆಸರಿಗೂ ‘ಹಡಪದ’ ಎಂಬ ವಿಶೇಷಣ ಅಂಟಿಕೊಂಡಿದೆ. ಐದು ಶತಮಾನಗಳ ಅನಂತರ, ಮೈಸೂರಿನ ಚಿಕ್ಕದೇವರಾಜ ಒಡೆಯರ (ಆಳ್ವಿಕೆ 1673-1704) ಅರಮನೆಯಲ್ಲಿ ಎಲೆಯಡಿಕೆಯ ಸಂಚಿಯ ಊಳಿಗದಲ್ಲಿದ್ದ ಎಳಂದೂರಿನ ಹೊನ್ನಮ್ಮ ‘ಹದಿಬದೆಯ ಧರ್ಮ’ವೆಂಬ ಸಾಂಗತ್ಯ ಕೃತಿಯನ್ನು ರಚಿಸಿ ‘ಸಂಚಿಯ ಹೊನ್ನಮ್ಮ’ನೆಂದೇ ಉಳಿದಳು.

ಚೀಲವನ್ನು ಹೊತ್ತವರಿಗೆ ಚರಿತ್ರೆಯಲ್ಲಿ ಹೆಸರು ದೊರೆಯಿತು. ಅದನ್ನು ಹೊಲಿದವರಿಗೆ ದೊರೆಯಲಿಲ್ಲ. ಈ ಅಸಮತೆ ಆಕಸ್ಮಿಕವೆಂದು ತೋರುವುದಿಲ್ಲ. ಮನೆಯ ಬಳಕೆಗಾಗಿ ಮನೆಯಲ್ಲಿಯೇ ನಡೆಯುವ ಹೊಲಿಗೆಯನ್ನು ಕೆಲಸವೆಂದು ಎಣಿಸದಿರುವ ದೀರ್ಘ ರೂಢಿಯೊಂದು ಅದರ ಹಿಂದಿದೆ. ಸಂಚಿ, ಚಂಚಿ, ಕೈಚೀಲ, ಪಾಟಿಚೀಲ ಮುಂತಾದ ಮನೆಹೊಲಿಗೆಯ ಚೀಲಗಳ ಚರಿತ್ರೆಯನ್ನು ಪದಗಳು, ವಸ್ತುಗಳು ಹಾಗೂ ಆಡಳಿತದ ಲೆಕ್ಕಗಳ ಮೂಲಕ ಗುರುತಿಸಿ, ಈ ರೂಢಿ ಇಂದಿನವರೆಗೆ ಹೇಗೆ ಮುಂದುವರಿದಿದೆ ಎಂಬುದನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪದಗಳು ಹೇಳುವ ಚರಿತ್ರೆ

ಕನ್ನಡದಲ್ಲಿ ಚೀಲವನ್ನು ಸೂಚಿಸುವ ಪದಗಳು ಹಲವು ಪದರಗಳಲ್ಲಿವೆ. ‘ಚೀಲ’ ಎಲ್ಲಕ್ಕೂ ಸಲ್ಲುವ ಸಾಮಾನ್ಯ ಪದ. ‘ಹಡಪ’ ತಾಂಬೂಲದ ಚೀಲ. ಕ್ಷೌರಿಕನ ಸಲಕರಣೆಗಳ ಚೀಲಕ್ಕೂ ಅದೇ ಹೆಸರು. ತಮಿಳಿನ ‘ಅಡೈಪ್ಪಂ’, ತೆಲುಗಿನ ‘ಅಡಪಮು’ ಇದರ ಬಂಧುಗಳು. ಶಾಸನಗಳಲ್ಲಿ ಕಾಣಬರುವ ‘ಹಡಪವಳ’ನು ಅರಸನ ತಾಂಬೂಲದ ಚೀಲವನ್ನು ಹಿಡಿಯುವ ಅಧಿಕಾರಿ. ಅರಸನ ಬಾಯಿಗೆ ಹೋಗುವ ವಸ್ತುವನ್ನು ಕಾಯುವವನು ಅತ್ಯಂತ ನಂಬಿಗಸ್ತನಾಗಿರಬೇಕಾದುದರಿಂದ ಆ ಊಳಿಗಕ್ಕೆ ಮಾನ್ಯತೆ ಸಂದಿತು.

‘ಸಂಚಿ’ ದಕ್ಷಿಣ ಕರ್ನಾಟಕ ಮತ್ತು ಮಲೆನಾಡುಗಳಲ್ಲಿ ಎಲೆಯಡಿಕೆಯ ಚೀಲ. ಉತ್ತರ ಕನ್ನಡದ ಅಡಕೆ ತೋಟಗಳ ಸೀಮೆಯಲ್ಲಿ ಅದು ‘ಕವಳದ ಸಂಚಿ’. ಉತ್ತರ ಕರ್ನಾಟಕದಲ್ಲಿ ಇದೇ ವಸ್ತು ‘ಚಂಚಿ’ಯಾಗುತ್ತದೆ, ಮರಾಠಿಯಲ್ಲಿಯೂ ಅದು ಚಂಚಿಯೇ. ಹಣವನ್ನಿಟ್ಟು ಸೊಂಟಕ್ಕೆ ಕಟ್ಟಿಕೊಳ್ಳುವ ‘ಹಮ್ಮಿಣಿ’ ಪಾರಸಿಯ ಮೂಲಕ ಬಂದ ಪದ. ‘ಕಿಸೆ’ ಪಾರಸಿಯಲ್ಲಿ ಚೀಲವೆಂದೇ ಅರ್ಥವುಳ್ಳದ್ದು. ಕನ್ನಡದಲ್ಲಿ ಅದು ಅಂಗಿಗೆ ಹೊಲಿದ ಜೇಬಾಗಿ ನೆಲೆಸಿತು. ಪ್ರತ್ಯೇಕವಾಗಿದ್ದ ಚೀಲವೊಂದು ಉಡುಪಿನೊಳಕ್ಕೆ ಸೇರಿದ ಕಥೆಯನ್ನು ಈ ಒಂದು ಪದವೇ ಹೇಳುತ್ತದೆ.

ಇಷ್ಟು ಪದಗಳ ನಡುವೆ ಹೊಲಿಯುವವರ ಹೆಸರುಗಳನ್ನು ಗಮನಿಸಬೇಕು. ಚಿಪ್ಪಿಗ, ಸಿಂಪಿಗ, ದರ್ಜಿ ಎಂಬಿವು ವೃತ್ತಿಯಾಗಿ ಹೊಲಿಯುವ ಗಂಡಸನ್ನು ಹೇಳುತ್ತವೆ. ಮನೆಯಲ್ಲಿ ಕುಳಿತು ಹರಿದ ಸೀರೆಯ ಗಟ್ಟಿ ಭಾಗವನ್ನು ಆಯ್ದು ಸಂಚಿ ಹೊಲಿದ ಹೆಂಗಸಿಗೆ ಅಂತಹ ವೃತ್ತಿನಾಮವಿಲ್ಲ. ಆಕೆ ಅಜ್ಜಿ, ಅತ್ತೆ, ಅಕ್ಕ. ಹೊಲಿಗೆ ಆಕೆಯ ಸಂಬಂಧದೊಳಗೆ ಕರಗಿಹೋದ ಕೆಲಸ.

ಪ್ರವಾಸಿ ಕಂಡ ಹಣದ ಚೀಲ

ತಾಂಬೂಲ ಸೇವನೆಯ ವೈಭವಕ್ಕೆ ಲಿಖಿತ ಆಧಾರಗಳ ಕೊರತೆಯಿಲ್ಲ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ವು ರಾಜಭೋಗಗಳಲ್ಲಿ ತಾಂಬೂಲವನ್ನೂ ಸೇರಿಸಿ ವಿವರಿಸುತ್ತದೆ. 1443ರಲ್ಲಿ ವಿಜಯನಗರಕ್ಕೆ ಬಂದ ಪಾರಸಿಕ ರಾಯಭಾರಿ ಅಬ್ದುಲ್ ರಜಾಕನು ಇಮ್ಮಡಿ ದೇವರಾಯನ ಆಸ್ಥಾನದಲ್ಲಿ ತನಗೆ ದೊರೆತ ಉಡುಗೊರೆಗಳನ್ನು ಎಣಿಸಿ ಬರೆದಿದ್ದಾನೆ: ಎರಡು ಕಟ್ಟು ವೀಳ್ಯದೆಲೆ, 500 ಹಣಗಳಿದ್ದ ಒಂದು ಚೀಲ, ಸುಮಾರು 20 ಮಿಸ್ಕಾಲ್ ತೂಕದ ಕರ್ಪೂರ. ಹಣದ ಸಂಖ್ಯೆ, ಕರ್ಪೂರದ ತೂಕ, ಎಲೆಯ ಕಟ್ಟುಗಳ ಲೆಕ್ಕ ಎಲ್ಲವೂ ಇವೆ. ಚೀಲ ಮಾತ್ರ ಹಣವನ್ನು ಹಿಡಿದಿಡುವ ಸಾಧನವಾಗಿ ಬಂದು ಹೋಗುತ್ತದೆ. ಬರೆಯುವವನ ಕಣ್ಣು ಒಳಗಿನ ವಸ್ತುವಿನ ಮೇಲಿರುವುದು ಸಹಜ. ಆದರೆ ಚರಿತ್ರೆಕಾರನೂ ಅದೇ ಕಣ್ಣನ್ನು ಎರವಲು ಪಡೆದರೆ ಹೊರಗಿನ ಹೊಲಿಗೆ ಕಾಣದಾಗುತ್ತದೆ.

ಅರಮನೆಯ ಹಡಪಗಳನ್ನೂ ಉಡುಗೊರೆಯ ಚೀಲಗಳನ್ನೂ ವೃತ್ತಿನಿರತ ಚಿಪ್ಪಿಗರು ಹೊಲಿದಿರಬಹುದು. ಜನಸಾಮಾನ್ಯರ ಸಂಚಿಯ ಮಾತು ಬೇರೆ. ಅದು ಹಳೆಯ ಬಟ್ಟೆಯಿಂದ, ಮನೆಯ ಸೂಜಿ ದಾರದಿಂದ, ಬಿಡುವಿನ ಹೊತ್ತಿನಲ್ಲಿ ಸಿದ್ಧವಾಗುವಂಥದು.

ಸಂಚಿಯ ರಚನೆ

ಸಂಚಿಯ ಹೊಲಿಗೆ ಹೊರನೋಟಕ್ಕೆ ಸರಳ; ಅದರ ಹಿಂದಿನ ಲೆಕ್ಕಾಚಾರ ಸರಳವಲ್ಲ. ಒಂದು ಬಾಯಿಯ ಚೀಲದಲ್ಲಿ ವೀಳ್ಯದೆಲೆ, ಅಡಿಕೆ, ಸುಣ್ಣದ ಡಬ್ಬಿ, ಹೊಗೆಸೊಪ್ಪು, ಚಿಲ್ಲರೆ ಹಣ ಇವೆಲ್ಲ ಕಲೆತರೆ ಎಲೆ ನಲುಗುತ್ತದೆ, ಸುಣ್ಣ ಹಣಕ್ಕೆ ಮೆತ್ತುತ್ತದೆ. ಆದ್ದರಿಂದ ಬಟ್ಟೆಯನ್ನು ಹಲವು ಬಾರಿ ಮಡಿಸಿ, ಮಡಿಕೆಗಳ ನಡುವೆ ಹೊಲಿಗೆ ಹಾಯಿಸಿ, ಒಂದೇ ಚೀಲದಲ್ಲಿ ಬೇರೆ ಬೇರೆ ಅರೆಗಳನ್ನು ಮಾಡಲಾಗುತ್ತದೆ. ಎಲೆಯ ಅರೆ ಅಗಲವಾಗಿರಬೇಕು. ಹಣದ ಅರೆ ಒಳಗಡೆ, ಕೈಗೆ ಸುಲಭವಾಗಿ ಸಿಕ್ಕದಂತಿರಬೇಕು. ಬಾಯಿಯ ಅಂಚನ್ನು ಮಡಿಸಿ ಹೊಲಿದು ಅದರೊಳಗೆ ಲಾಡಿಯನ್ನು ಪೋಣಿಸಿದರೆ, ಎಳೆದಾಗ ಬಾಯಿ ಮುಚ್ಚಿಕೊಳ್ಳುತ್ತದೆ. ಲಾಡಿಯ ತುದಿಗೆ ಮಣಿಯನ್ನೋ ಕವಡೆಯನ್ನೋ ಕಟ್ಟಿದರೆ ಅದು ಒಳಕ್ಕೆ ಜಾರುವುದಿಲ್ಲ. ಬಿಚ್ಚಿ ಹಾಸುವ, ಸುರುಳಿ ಸುತ್ತಿ ದಾರದಿಂದ ಬಿಗಿಯುವ ಇನ್ನೊಂದು ಬಗೆಯೂ ಇದೆ.

ಬಟ್ಟೆಯ ಆಯ್ಕೆಯಲ್ಲಿಯೂ ವಿವೇಕವಿದೆ. ತೊಳೆದು ತೊಳೆದು ಮೆದುವಾದ ಹಳೆಯ ಹತ್ತಿಬಟ್ಟೆ ಒಳಪದರಕ್ಕೆ ಹೊಂದುತ್ತದೆ. ಹೊರಪದರಕ್ಕೆ ಕುಪ್ಪಸದ ಖಣದ ತುಂಡು, ಸೀರೆಯ ಅಂಚು ಮುಂತಾದ ಗಟ್ಟಿ ಭಾಗ ಬೇಕು. ಉತ್ತರ ಕರ್ನಾಟಕದ ಕೌದಿಯಲ್ಲಿ ಕಾಣುವ ಮಿತವ್ಯಯದ ನ್ಯಾಯವೇ ಇಲ್ಲಿಯೂ ಇದೆ: ಉಡಲು ಬಾರದ ಬಟ್ಟೆ ಹೊದೆಯಲು ಬರುತ್ತದೆ, ಹೊದೆಯಲು ಸಾಲದ ತುಂಡು ಚೀಲಕ್ಕೆ ಬರುತ್ತದೆ. ಇದೇ ಕಾರಣದಿಂದ ಹಳೆಯ ಸಂಚಿಗಳು ಹೆಚ್ಚಾಗಿ ಉಳಿದಿಲ್ಲ. ಸವೆದ ಬಟ್ಟೆಯಿಂದ ಹುಟ್ಟಿದ ವಸ್ತು ಪೂರ್ತಿಯಾಗಿ ಸವೆದೇ ಮುಗಿಯುತ್ತದೆ. ತಾಮ್ರಪಟಕ್ಕಿರುವ ಆಯುಷ್ಯ ಬಟ್ಟೆಗಿಲ್ಲ.

ಯಂತ್ರ, ಜೇಬು, ಪ್ಲಾಸ್ಟಿಕ್

19ನೆಯ ಶತಮಾನದ ಕೊನೆಯ ದಶಕಗಳಿಂದ ಹೊಲಿಗೆ ಯಂತ್ರ ಭಾರತದಲ್ಲಿ ಹರಡತೊಡಗಿತು. ಯಂತ್ರ ನಾಗರಿಕತೆಯನ್ನು ಕಟುವಾಗಿ ವಿಮರ್ಶಿಸಿದ ಗಾಂಧೀಜಿಯವರು 1924ರ ಸಂಭಾಷಣೆಯೊಂದರಲ್ಲಿ ಸಿಂಗರ್ ಹೊಲಿಗೆ ಯಂತ್ರಕ್ಕೆ ವಿನಾಯಿತಿ ನೀಡಿದುದು ಪ್ರಸಿದ್ಧವಾಗಿದೆ; ಹೆಂಡತಿಯ ಬೇಸರದ ದುಡಿಮೆಯನ್ನು ಹಗುರಗೊಳಿಸುವ ಪ್ರೀತಿ ಆ ಯಂತ್ರದ ಹಿಂದಿದೆ ಎಂಬುದು ಅವರ ವಾದವಾಗಿತ್ತು. 1930ರ ದಶಕದಲ್ಲಿ ಕಲ್ಕತ್ತೆಯಲ್ಲಿ ‘ಉಷಾ’ ಯಂತ್ರಗಳ ತಯಾರಿಕೆ ಆರಂಭವಾದ ಬಳಿಕ ದೇಶೀಯ ಯಂತ್ರ ಮಧ್ಯಮ ವರ್ಗದ ಮನೆಗಳನ್ನು ಕ್ರಮೇಣ ಪ್ರವೇಶಿಸಿತು. ಯಂತ್ರದೊಡನೆ ಚೀಲದ ರೂಪವೂ ಬದಲಾಯಿತು. ಹಲವು ಅರೆಗಳ ಸಂಚಿಯ ಜಾಗಕ್ಕೆ ನೇರ ಹೊಲಿಗೆಯ, ಎರಡು ಹಿಡಿಕೆಗಳ ಸಂತೆಯ ಕೈಚೀಲ ಬಂದಿತು. ಮಕ್ಕಳ ಹೆಗಲಿಗೆ ಪಾಟಿಚೀಲ ಬಂದಿತು. ಅಕ್ಷರಾಭ್ಯಾಸ ಹಳ್ಳಿಗಳಲ್ಲಿ ವಿಸ್ತರಿಸಿದ ಕಾಲದಲ್ಲಿ ಸ್ಲೇಟು, ಬಳಪ, ಪುಸ್ತಕಗಳನ್ನು ಶಾಲೆಗೆ ಮುಟ್ಟಿಸಿದುದರಲ್ಲಿ ಮನೆಯಲ್ಲಿ ಹೊಲಿದ ಈ ಚೀಲದ ಪಾಲು ದೊಡ್ಡದು. ಶಿಕ್ಷಣದ ಚರಿತ್ರೆ ಬರೆಯುವವರು ಅದನ್ನೂ ಶಾಲೆಯ ಉಪಕರಣವೆಂದು ಪರಿಗಣಿಸಬಹುದಾಗಿದೆ.

ಇದೇ ಅವಧಿಯಲ್ಲಿ ಜೇಬುಳ್ಳ ಅಂಗಿ ಗಂಡಸರ ಸಾಮಾನ್ಯ ಉಡುಪಾದುದರಿಂದ ಹಣದ ಸಂಚಿಯ ಅಗತ್ಯ ತಗ್ಗಿತು. ಸೀರೆಯುಟ್ಟ ಹೆಂಗಸಿಗೆ ಜೇಬಿಲ್ಲ; ಆಕೆಯ ಪಾಲಿಗೆ ಸೆರಗಿನ ಗಂಟು, ಉಡಿ, ಸೊಂಟಕ್ಕೆ ಸಿಕ್ಕಿಸಿದ ಸಣ್ಣ ಚೀಲ ಇವೇ ಖಜಾನೆಗಳಾಗಿ ಮುಂದುವರಿದವು. ಆದ್ದರಿಂದಲೇ ಸಂಚಿ ಕೊನೆಗೆ ವೃದ್ಧೆಯರ ವಸ್ತುವಾಗಿ ಉಳಿಯಿತು. ಮುಂದೆ ಅಗ್ಗದ ಪ್ಲಾಸ್ಟಿಕ್ ಚೀಲ ಸಂತೆಯ ಕೈಚೀಲವನ್ನೂ ಮೂಲೆಗೆ ಸರಿಸಿತು. 2016ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿತು. ದೇಶಾದ್ಯಂತ ತೆಳು ಕೈಚೀಲಗಳ ದಪ್ಪದ ಮಿತಿಯನ್ನು 2021ರ ಸೆಪ್ಟೆಂಬರ್ 30ರಿಂದ 75 ಮೈಕ್ರಾನಿಗೂ 2022ರ ಡಿಸೆಂಬರ್ 31ರಿಂದ 120 ಮೈಕ್ರಾನಿಗೂ ಏರಿಸಲಾಯಿತು. ಬಟ್ಟೆಯ ಚೀಲಕ್ಕೆ ಇದರಿಂದ ಮತ್ತೆ ಬೇಡಿಕೆ ಹುಟ್ಟಿತು. ಹಿಂದೆ ಮನೆಯ ಅಗತ್ಯವಾಗಿದ್ದ ಕೆಲಸ ಈಗ ಪರಿಸರ ನೀತಿಯ ಬಾಗಿಲಿನಿಂದ ಸಾರ್ವಜನಿಕ ಚರ್ಚೆಗೆ ಬಂದಿದೆ.

ತಾಂಡಾದಿಂದ ಮಾರುಕಟ್ಟೆಗೆ

ಮನೆಹೊಲಿಗೆ ಮಾರಾಟದ ವಸ್ತುವಾದಾಗ ಏನಾಗುತ್ತದೆ ಎಂಬುದಕ್ಕೆ ಸಂಡೂರಿನ ಲಂಬಾಣಿ ಕಸೂತಿ ಸ್ಪಷ್ಟ ನಿದರ್ಶನ. ಲಂಬಾಣಿಗಳು ಎತ್ತುಗಳ ಮೇಲೆ ಉಪ್ಪು, ಧಾನ್ಯಗಳನ್ನು ಹೇರಿಕೊಂಡು ದೂರದೂರಕ್ಕೆ ಸಾಗಿಸುತ್ತಿದ್ದ ಸಮುದಾಯ. 1791-92ರ ಯುದ್ಧದಲ್ಲಿ ಶ್ರೀರಂಗಪಟ್ಟಣದ ಮೇಲೆ ಬಂದ ಕಾರ್ನ್‌ವಾಲಿಸನ ಸೇನೆಗೆ ಧಾನ್ಯ ಒದಗಿಸಿದವರಲ್ಲಿ ಅವರೂ ಇದ್ದರು. ನಿರಂತರ ಸಂಚಾರದಲ್ಲಿರುವ ಕುಟುಂಬಕ್ಕೆ ಪೆಟ್ಟಿಗೆಗಿಂತ ಚೀಲವೇ ಮನೆಯ ಕಪಾಟು. ಹೆಂಗಸರು ಬಟ್ಟೆಯ ತುಂಡುಗಳನ್ನು ಜೋಡಿಸಿ, ಕನ್ನಡಿ, ಕವಡೆ, ನಾಣ್ಯಗಳನ್ನು ಕೂಡಿಸಿ ತಮ್ಮ ಉಡುಪನ್ನೂ ಚೀಲಗಳನ್ನೂ ಹೊಲಿದುಕೊಳ್ಳುತ್ತಿದ್ದರು. ರೈಲು ಮತ್ತು ರಸ್ತೆಗಳು ಎತ್ತಿನ ಸಾಗಣೆಯನ್ನು ಕೊನೆಗಾಣಿಸಿದವು. 1871ರ ಅಪರಾಧಿ ಬುಡಕಟ್ಟು ಕಾಯಿದೆಯಿಂದ ಆರಂಭವಾದ ವಸಾಹತು ಕಾನೂನುಗಳು ಅಲೆಮಾರಿ ಬದುಕನ್ನೇ ಸಂಶಯದಿಂದ ಕಂಡವು. ಅಲೆದಾಟ ನಿಂತರೂ ಸೂಜಿ ನಿಲ್ಲಲಿಲ್ಲ.

1980ರ ದಶಕದಲ್ಲಿ ರೂಪುಗೊಂಡ ಸಂಡೂರು ಕುಶಲ ಕಲಾ ಕೇಂದ್ರವು ತಾಂಡಾಗಳ ಹೆಂಗಸರ ಈ ಕೌಶಲವನ್ನು ಮಾರುಕಟ್ಟೆಗೆ ಜೋಡಿಸಿತು. ಕಿಲನ್, ವೆಲೆ, ಮಾಕಿ, ಪೋಟೆ, ನಾಕ್ರಾ ಮುಂತಾದ ಹೊಲಿಗೆಗಳು ಕೈಚೀಲ, ಹಣದ ಚೀಲ, ದಿಂಬಿನ ಹೊದಿಕೆಗಳ ಮೇಲೆ ಬಂದವು. ಮುಂದೆ ‘ಸಂಡೂರು ಲಂಬಾಣಿ ಕಸೂತಿ’ ಭೌಗೋಳಿಕ ಸೂಚಕದ ಮಾನ್ಯತೆ ಪಡೆಯಿತು. 2023ರ ಜುಲೈಯಲ್ಲಿ ಹಂಪಿಯಲ್ಲಿ ನಡೆದ ಜಿ-20 ಸಂಸ್ಕೃತಿ ಕಾರ್ಯತಂಡದ ಸಭೆಯ ಸಂದರ್ಭದಲ್ಲಿ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರು ಸಿದ್ಧಪಡಿಸಿದ 1755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೆ ಸೇರಿತು.

ಇದು ನಿಜವಾದ ಗಳಿಕೆ. ಕೈಗೆ ಕೂಲಿ ಬಂದಿತು, ಕಲೆಗೆ ಗೌರವ ಬಂದಿತು. ಆದರೂ ಭೌಗೋಳಿಕ ಸೂಚಕ ರಕ್ಷಿಸುವುದು ಊರಿನ, ಸಮುದಾಯದ ಹೆಸರನ್ನು. ಪ್ರದರ್ಶನದ ದಾಖಲೆ ಎಣಿಸುವುದು ವಸ್ತುಗಳನ್ನು. ನಿರ್ದಿಷ್ಟ ಚೀಲವೊಂದನ್ನು ಹೊಲಿದ ನಿರ್ದಿಷ್ಟ ಹೆಂಗಸು ಎರಡರ ಜಾಲರಿಯಿಂದಲೂ ಜಾರಿಹೋಗುತ್ತಾಳೆ.

ಲೆಕ್ಕದ ಹೊರಗಿನ ದುಡಿಮೆ

ಮಾರಾಟಕ್ಕೆ ಬಾರದ ಹೊಲಿಗೆಯ ಸ್ಥಿತಿ ಇನ್ನೂ ಸೂಕ್ಷ್ಮವಾದುದು. ರಾಷ್ಟ್ರೀಯ ಮಾದರಿ ಸಮೀಕ್ಷೆಯ ಉದ್ಯೋಗ ಕುರಿತ ಸಮೀಕ್ಷೆಗಳಲ್ಲಿಯೂ, 2017ರಲ್ಲಿ ಅವುಗಳ ಸ್ಥಾನದಲ್ಲಿ ಆರಂಭವಾದ ನಿಯತಕಾಲಿಕ ಶ್ರಮಶಕ್ತಿ ಸಮೀಕ್ಷೆಯಲ್ಲಿಯೂ ಪ್ರತಿ ವ್ಯಕ್ತಿಯ ಚಟುವಟಿಕೆಗೆ ಸಂಕೇತ ಸಂಖ್ಯೆ ನೀಡುವ ಪದ್ಧತಿಯಿದೆ. ಕೇವಲ ಮನೆಗೆಲಸ ಮಾಡುವವರಿಗೆ 92. ಮನೆಗೆಲಸದ ಜೊತೆಗೆ ಸೌದೆ, ಸೊಪ್ಪು, ಮೇವುಗಳನ್ನು ತರುವ, ಮನೆಬಳಕೆಗಾಗಿ ಹೊಲಿಗೆ, ನೇಯ್ಗೆ ಮಾಡುವವರಿಗೆ 93. ಈ ಎರಡೂ ಸಂಖ್ಯೆಗಳು ಶ್ರಮಶಕ್ತಿಯ ಹೊರಗಿನವರವು. ಅದೇ ಹೆಂಗಸು ಅದೇ ಚೀಲವನ್ನು ಮಾರುವುದಕ್ಕಾಗಿ ಸ್ವಂತವಾಗಿ ಹೊಲಿದರೆ ಆಕೆಗೆ 11 ಎಂಬ ಸಂಖ್ಯೆ ಸಿಗುತ್ತದೆ; ಆಕೆ ಸ್ವಯಂ ಉದ್ಯೋಗಿಯಾಗುತ್ತಾಳೆ. ಬಟ್ಟೆ, ಸೂಜಿ, ಸಮಯ, ಕೌಶಲ ಯಾವುದೂ ಬದಲಾಗಿಲ್ಲ. ಚೀಲ ಹೋಗುವ ದಿಕ್ಕು ಮಾತ್ರ ಬದಲಾಗಿದೆ.

ವಿಶೇಷವೆಂದರೆ, 1993ರ ಅಂತರರಾಷ್ಟ್ರೀಯ ರಾಷ್ಟ್ರೀಯ ಲೆಕ್ಕಪದ್ಧತಿಯು ಮನೆಬಳಕೆಗಾಗಿ ತಯಾರಿಸಿದ ವಸ್ತುಗಳನ್ನೂ ಉತ್ಪಾದನೆಯ ಮೇರೆಯೊಳಗೆ ಸೇರಿಸಿತು. 2013ರಲ್ಲಿ ಶ್ರಮ ಸಂಖ್ಯಾಶಾಸ್ತ್ರಜ್ಞರ ಅಂತರರಾಷ್ಟ್ರೀಯ ಸಮ್ಮೇಳನವು ಸ್ವಂತ ಬಳಕೆಯ ಉತ್ಪಾದನೆಯನ್ನು ‘ಕೆಲಸ’ದ ಒಂದು ರೂಪವೆಂದು ಒಪ್ಪಿತು, ಆದರೆ ‘ಉದ್ಯೋಗ’ದಿಂದ ಬೇರೆಯಾಗಿಯೇ ಇರಿಸಿತು. ಅಂದರೆ ತತ್ತ್ವದಲ್ಲಿ ಚೀಲ ಉತ್ಪನ್ನ. ಉದ್ಯೋಗದ ಕೋಷ್ಟಕದಲ್ಲಿ ಅದನ್ನು ಹೊಲಿದವಳಿಗೆ ಜಾಗವಿಲ್ಲ. ಅಬ್ದುಲ್ ರಜಾಕನ ಉಡುಗೊರೆಯ ಪಟ್ಟಿಗೂ ಆಧುನಿಕ ಸಮೀಕ್ಷೆಗೂ ನಡುವೆ ಐದೂವರೆ ಶತಮಾನಗಳ ಅಂತರವಿದ್ದರೂ ಎಣಿಕೆಯ ಕ್ರಮದಲ್ಲಿ ಅವೆರಡೂ ಹತ್ತಿರದ ಸಂಬಂಧಿಗಳು.

ಸಮಾರೋಪ

ಸಂಚಿಯ ಹೊನ್ನಮ್ಮ ಪತಿವ್ರತಾ ಧರ್ಮವನ್ನು ಹೇಳಲು ಹೊರಟ ತನ್ನ ಕೃತಿಯಲ್ಲಿಯೇ ಹೆಣ್ಣನ್ನು ಹಳಿಯುವವರನ್ನು ಆಕ್ಷೇಪಿಸಿದ್ದಾಳೆ. ಆಕೆಗೆ ದನಿ ದೊರೆತುದು ಅರಮನೆಯ ಆಶ್ರಯದಿಂದ ಹಾಗೂ ಅಕ್ಷರದಿಂದ. ಅಕ್ಷರದ ಆಸರೆಯಿಲ್ಲದ ಹೆಂಗಸರ ಪಾಲಿಗೆ ಹೊಲಿಗೆಯೇ ಉಳಿದ ಬರಹ. ಆ ಬರಹವನ್ನು ಓದುವ ಹೊಣೆ ಸಂಶೋಧಕರದು, ಸಂಗ್ರಹಾಲಯಗಳದು.

ಇದಕ್ಕೆ ದೊಡ್ಡ ಯೋಜನೆಯೇನೂ ಬೇಕಾಗಿಲ್ಲ. ಹಳೆಯ ಸಂಚಿಯೊಂದು ಸಂಗ್ರಹಕ್ಕೆ ಬಂದಾಗ ಅಳತೆ, ಬಣ್ಣ, ದೊರೆತ ಊರುಗಳ ಜೊತೆಗೆ ಹೊಲಿದವರು ಯಾರು, ಯಾರಿಗಾಗಿ ಹೊಲಿದರು, ಯಾರಿಂದ ಕಲಿತರು, ಯಾವ ಬಟ್ಟೆಯ ತುಂಡು ಎಲ್ಲಿಂದ ಬಂದಿತು, ಎಷ್ಟು ದಿನ ಹಿಡಿಯಿತು ಎಂಬ ಐದು ಪ್ರಶ್ನೆಗಳನ್ನು ನಮೂದಿಸಿಕೊಳ್ಳುವುದು ಸಾಕು. ಉತ್ತರ ಬಲ್ಲವರು ಈಗ ಇಳಿವಯಸ್ಸಿನಲ್ಲಿರುವ ಹೆಂಗಸರು. ವಸ್ತು ನೂರು ವರ್ಷ ಗಾಜಿನ ಪೆಟ್ಟಿಗೆಯಲ್ಲಿ ಉಳಿಯಬಹುದು. ಅದರ ಹಿಂದಿನ ಹೆಸರು ಅಷ್ಟು ಕಾಲ ಕಾಯುವುದಿಲ್ಲ. ಹಡಪ ಹೊತ್ತವನಿಗೂ ಸಂಚಿ ಹಿಡಿದವಳಿಗೂ ಗೌರವದ ಸ್ಥಾನ ನೀಡಿದ ಕನ್ನಡ ಚರಿತ್ರೆ, ಅದನ್ನು ಹೊಲಿದವಳ ಹೆಸರನ್ನೂ ತನ್ನ ಪುಟದಲ್ಲಿ ಬರೆದುಕೊಂಡಾಗಲೇ ಈ ಲೆಕ್ಕ ಪೂರ್ಣವಾಗುತ್ತದೆ.