ನಾಲಿಗೆಯಿಂದ ನೆತ್ತರಿಗೆ: ಮಧುನಾಶಿನಿ ಎಲೆಯ ಸಂಶೋಧನಾ ಚರಿತ್ರೆ

ಪ್ರಸ್ತಾವನೆ

ಮಧುನಾಶಿನಿಯ ಒಂದೆರಡು ಹಸಿ ಎಲೆ ಅಗಿದು, ಮೇಲೆ ಸಕ್ಕರೆ ಬಾಯಿಗೆ ಹಾಕಿಕೊಂಡರೆ ಮರಳು ತಿಂದಂತಾಗುತ್ತದೆ. ಜಿಮ್ನೆಮಾ ಸಿಲ್ವೆಸ್ಟ್ರೆ ಎಂಬ ಸಸ್ಯಶಾಸ್ತ್ರೀಯ ಹೆಸರಿನ ಈ ಬಳ್ಳಿಯನ್ನು ಆಯುರ್ವೇದದ ಮೇಷಶೃಂಗಿ ಎಂದು ಸಾಮಾನ್ಯವಾಗಿ ಗುರುತಿಸುತ್ತಾರೆ. ನಾಲಿಗೆಯ ಸಿಹಿಯನ್ನು ಅಳಿಸುವ ಎಲೆ ನೆತ್ತರಿನ ಸಕ್ಕರೆಯನ್ನೂ ಇಳಿಸೀತೇ? ಈ ಪ್ರಶ್ನೆ ಪ್ರಯೋಗಾಲಯದ ಇಲಿಗಳವರೆಗೆ ಬಂದ ದಾರಿಯನ್ನೂ, ಇಲಿಗಳಿಂದ ಸಿಕ್ಕ ಉತ್ತರದ ತೂಕವನ್ನೂ ಈ ಲೇಖನ ಪರಿಶೀಲಿಸುತ್ತದೆ.

ರುಚಿಯ ಶೋಧ

ಬಂಗಾಳ ಸಿವಿಲ್ ಸೇವೆಯಲ್ಲಿದ್ದ ಸಸ್ಯಪ್ರೇಮಿ ಎಡ್ಜ್‌ವರ್ತ್, ಈ ಎಲೆ ಅಗಿದ ಮೇಲೆ ಚಹಾದ ಸಕ್ಕರೆ ತಮಗೆ ತಿಳಿಯದೆ ಹೋದುದನ್ನು ಗಮನಿಸಿದ್ದರು. 1847ರ ಹೊತ್ತಿಗೆ ಅದು ಇಂಗ್ಲೆಂಡಿನ ವಿದ್ವತ್ ವಲಯ ತಲುಪಿತು. ನಾಲ್ಕು ದಶಕಗಳ ನಂತರ, 1887ರಲ್ಲಿ, ಉದಕಮಂಡಲದಲ್ಲಿ ಮದರಾಸು ಸರ್ಕಾರದ ಸಿಂಕೋನಾ ರಸಾಯನಜ್ಞರಾಗಿದ್ದ ಡೇವಿಡ್ ಹೂಪರ್ ಎಲೆಯಿಂದ ಒಂದು ಆಮ್ಲವನ್ನು ಬೇರ್ಪಡಿಸಿ ಅದನ್ನು ಜಿಮ್ನೆಮಿಕ್ ಆಮ್ಲ ಎಂದು ಕರೆದರು. ಅದು ಒಂದೇ ವಸ್ತುವಲ್ಲ, ಸಪೋನಿನ್ ಜಾತಿಯ ಅನೇಕ ಅಣುಗಳ ಗುಂಪು ಎಂಬುದು ಮುಂದೆ ಸ್ಪಷ್ಟವಾಯಿತು. ಹೂಪರ್ ಅವರ ಕಾಲದವರೆಗೂ ವಿಜ್ಞಾನಿಗಳ ಚರ್ಚೆ ನಾಲಿಗೆಯನ್ನು ದಾಟಿರಲಿಲ್ಲ.

ನೆತ್ತರಿನತ್ತ

1921ರಲ್ಲಿ ಟೊರಾಂಟೊದಲ್ಲಿ, ರಕ್ತದ ಸಕ್ಕರೆಯನ್ನು ಇಳಿಸುವ ಇನ್ಸುಲಿನ್ ಕೈಗೆ ಸಿಕ್ಕಿತು. ಆ ಬಳಿಕ ಸಂಶೋಧಕರಾದ ಮ್ಹಸ್ಕರ್ ಮತ್ತು ಕೇಯಸ್ ಈ ಎಲೆಯನ್ನು ಪ್ರಾಣಿಗಳ ಮೇಲೆ ಪರೀಕ್ಷಿಸಿ, ರಕ್ತದ ಸಕ್ಕರೆ ಇಳಿಯುವುದನ್ನು 1930ರ ಪ್ರಬಂಧದಲ್ಲಿ ದಾಖಲಿಸಿದರು. ಆದರೆ ಮಧುಮೇಹವಿರುವ ಪ್ರಾಣಿಯನ್ನೇ ಬೇಕೆಂದಾಗ ಸಿದ್ಧಪಡಿಸುವ ಸುಲಭ ವಿಧಾನ ಆಗಿನ್ನೂ ಇರಲಿಲ್ಲ. 1943ರಲ್ಲಿ ಅಲೊಕ್ಸಾನ್, 1963ರಲ್ಲಿ ಸ್ಟ್ರೆಪ್ಟೊಜೊಟೊಸಿನ್ ಎಂಬ ರಾಸಾಯನಿಕಗಳು ಆ ಕೊರತೆಯನ್ನು ನೀಗಿಸಿದವು. ಎರಡನೆಯದು ಮಣ್ಣಿನ ಸೂಕ್ಷ್ಮಾಣುವೊಂದು ತಯಾರಿಸುವ ಪ್ರತಿಜೀವಕ. ಅದರ ಒಂದೇ ಚುಚ್ಚುಮದ್ದು ಇಲಿಯ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ಸ್ರವಿಸುವ ಬೀಟಾ ಕೋಶಗಳನ್ನು ಕೊಲ್ಲಬಲ್ಲದು.

ಮದರಾಸಿನ ಪ್ರಯೋಗಗಳು

ಈ ಸಾಧನಗಳನ್ನು ಮಧುನಾಶಿನಿಗೆ ಶ್ರದ್ಧೆಯಿಂದ ಹೊಂದಿಸಿದ್ದು ಮದರಾಸು ವಿಶ್ವವಿದ್ಯಾಲಯದ ಷಣ್ಮುಗಸುಂದರಂ ಅವರ ತಂಡ. 1983ರಲ್ಲಿ ಅವರು ಮಧುಮೇಹಿ ಮೊಲಗಳಿಗೆ ಎಲೆಯ ಪುಡಿ ತಿನ್ನಿಸಿ ಯಕೃತ್ತು, ಮೂತ್ರಪಿಂಡ ಮತ್ತು ಸ್ನಾಯುಗಳ ಕಿಣ್ವಗಳನ್ನು ಅಳೆದರು. ಗ್ಲೂಕೋಸನ್ನು ಬಳಸಿಕೊಳ್ಳುವ ಕಿಣ್ವಗಳು ಚುರುಕಾದವು, ಅದನ್ನು ಹೊಸದಾಗಿ ತಯಾರಿಸುವ ಕಿಣ್ವಗಳು ತಗ್ಗಿದವು. ರಕ್ತದ ಸಕ್ಕರೆಯ ಅಂಕಿಯೊಂದನ್ನೇ ನಂಬಿ ಕೂರದೆ ಚಯಾಪಚಯದ ಒಳಹಾದಿಗಳನ್ನೇ ತಪಾಸಿಸಿದ್ದು ಈ ಕೆಲಸದ ಹೆಚ್ಚುಗಾರಿಕೆ.

1990ರಲ್ಲಿ ಸ್ಟ್ರೆಪ್ಟೊಜೊಟೊಸಿನ್ ಕೊಟ್ಟ ಇಲಿಗಳ ಸರದಿ. ನೀರಿನಲ್ಲಿ ಕರಗುವ ಜಿಎಸ್3, ಜಿಎಸ್4 ಎಂಬ ಎರಡು ಸಾರಗಳನ್ನು ಬಾಯಿಯ ಮೂಲಕ ಕೊಡಲಾಯಿತು. ಉಪವಾಸದ ಸಕ್ಕರೆ ಮೊದಲನೆಯದರಿಂದ 60 ದಿನಗಳಲ್ಲಿ, ಎರಡನೆಯದರಿಂದ 20 ದಿನಗಳಲ್ಲಿ ಸಹಜಕ್ಕೆ ಮರಳಿತು. ಇನ್ಸುಲಿನ್ ಏರಿತು, ಬೀಟಾ ಕೋಶಗಳು ಇಮ್ಮಡಿಯಾದವು. ಇಷ್ಟು ಕಂಡರೂ ಅವರು ಪ್ರಬಂಧದ ಶೀರ್ಷಿಕೆಯಲ್ಲಿ ಪುನರುತ್ಪತ್ತಿಯನ್ನು ‘ಸಾಧ್ಯತೆ’ ಎಂದಷ್ಟೇ ಕರೆದರು.

ಚರ್ಚೆ

ಆ ಪದ ಏಕೆ ಬೇಕಿತ್ತು? ಸ್ಟ್ರೆಪ್ಟೊಜೊಟೊಸಿನ್ ಎಲ್ಲ ಬೀಟಾ ಕೋಶಗಳನ್ನೂ ಮುಗಿಸಿರಲೇಬೇಕೆಂದಿಲ್ಲ. ಅಳಿದುಳಿದವು, ಅದರಲ್ಲೂ ಎಳೆಯ ಇಲಿಗಳಲ್ಲಿ, ತಾವಾಗಿಯೇ ಚಿಗುರಬಲ್ಲವು. ಮೇಲಾಗಿ ಎಲೆ ಕೆಲಸ ಮಾಡುವ ದಾರಿ ಒಂದೇ ಅಲ್ಲ. ಕರುಳಿನಲ್ಲಿ ಗ್ಲೂಕೋಸ್ ಹೀರಿಕೆಯನ್ನು ಜಿಮ್ನೆಮಿಕ್ ಆಮ್ಲಗಳು ತಡೆಯುವುದನ್ನು ಜಪಾನಿನ ಸಂಶೋಧಕರು ಪ್ರಾಣಿಗಳಲ್ಲಿ ತೋರಿಸಿದರು. 1999ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನ ತಂಡಕ್ಕೆ ಕಂಡದ್ದು ಬೇರೆಯೇ: ಎಲೆಯ ಒಂದು ಆಲ್ಕೋಹಾಲ್ ಸಾರ ಇನ್ಸುಲಿನ್ ಹೊರಬರುವಂತೆ ಮಾಡಿದ್ದು ಕೋಶದ ಪೊರೆಯನ್ನು ಸೋರುವಂತೆ ಮಾಡಿ. ಹಾಗೆ ಸೋರಿದ ಇನ್ಸುಲಿನ್ನನ್ನು ಕೋಶದ ಆರೋಗ್ಯದ ಗುರುತೆನ್ನಲಾಗದು. ಸಾರ ತೆಗೆಯುವ ದ್ರಾವಕ ಬದಲಾದರೆ ಔಷಧವೂ ಬದಲಾಗುತ್ತದೆ.

ಎಲ್ಲಕ್ಕಿಂತ ದೊಡ್ಡ ಪಾಠ ನಾಲಿಗೆಯಲ್ಲೇ ಇತ್ತು. ಮನುಷ್ಯನಲ್ಲಿ ಸಿಹಿಯನ್ನು ಅಳಿಸುವ ಜಿಮ್ನೆಮಿಕ್ ಆಮ್ಲಗಳು ಇಲಿಯಲ್ಲಿ ಹೆಚ್ಚೇನೂ ನಡೆಸಲಾರವು. ಇಲಿಯ ಸಿಹಿಯನ್ನು ತಡೆಯುವುದು ಅದೇ ಎಲೆಯ ಗುರ್ಮಾರಿನ್ ಎಂಬ 35 ಅಮೈನೋ ಆಮ್ಲಗಳ ಪೆಪ್ಟೈಡ್. ಅದಕ್ಕೆ ಮನುಷ್ಯನ ನಾಲಿಗೆ ಅಷ್ಟಾಗಿ ಸ್ಪಂದಿಸದು. ಬರೀ ರುಚಿಯ ವಿಚಾರದಲ್ಲೇ ಎರಡು ಜೀವಿಗಳು ಇಷ್ಟು ಭಿನ್ನವಾದರೆ, ಯಕೃತ್ತು ಮತ್ತು ಮೇದೋಜೀರಕದ ಫಲಿತಾಂಶಗಳನ್ನು ನೇರವಾಗಿ ನಮಗೆ ಅನ್ವಯಿಸುವುದು ಹೇಗೆ?

ಉಪಸಂಹಾರ

ಮದರಾಸು ತಂಡ 1990ರಲ್ಲೇ ಎರಡನೇ ಬಗೆಯ ಮಧುಮೇಹದ 22 ಮಂದಿಗೆ ಮಾಮೂಲು ಮಾತ್ರೆಗಳ ಜೊತೆ ದಿನಕ್ಕೆ 400 ಮಿಲಿಗ್ರಾಂ ಸಾರವನ್ನು 18ರಿಂದ 20 ತಿಂಗಳು ಕೊಟ್ಟಿತು. ಐವರು ಮಾತ್ರೆ ಬಿಟ್ಟು ಸಾರದಲ್ಲೇ ಉಳಿಯಬಲ್ಲವರಾದರು. ಇದು ಭರವಸೆಯ ಫಲಿತಾಂಶ. ಆದರೆ 22 ಮಂದಿಯ ಅನುಭವ ದೊಡ್ಡ, ಯಾದೃಚ್ಛಿಕ ಹಂಚಿಕೆಯ ಪರೀಕ್ಷೆಗಳ ಜಾಗವನ್ನು ತುಂಬಲಾರದು. ಇದನ್ನು ನಂಬಿ ಯಾರೂ ವೈದ್ಯರನ್ನು ಕೇಳದೆ ಇನ್ಸುಲಿನ್ ನಿಲ್ಲಿಸಬಾರದು. ಮಾತ್ರೆಯ ಜೊತೆ ಎಲೆಯೂ ಸೇರಿ ಸಕ್ಕರೆ ತೀರಾ ಕುಸಿಯುವ ಅಪಾಯವೂ ಇದೆ. ಈ ಎಲೆಯನ್ನು ಗೌರವಿಸುವವರು ಮದರಾಸಿನ ಸಂಶೋಧಕರು ಬಿಡದೆ ಉಳಿಸಿಕೊಂಡ ‘ಸಾಧ್ಯತೆ’ ಎಂಬ ಪದವನ್ನೂ ಗೌರವಿಸಬೇಕು, ಅದನ್ನು ಪರೀಕ್ಷಿಸುವ ಕೆಲಸವನ್ನು ಮನುಷ್ಯರಲ್ಲೇ, ಎಚ್ಚರದಿಂದ ಮುಂದುವರಿಸಬೇಕು.