ಕಿಡಿ ಹಾರದ ಬೆಳಗು

1984ರ ಏಪ್ರಿಲ್ ತಿಂಗಳ ಒಂದು ಬೆಳಗು. ನಾನಾಗ ಗ್ರಾಮಾಂತರ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನದ ಅಧ್ಯಾಪಕ. ಎಸ್.ಎಸ್.ಎಲ್.ಸಿ. ಪರೀಕ್ಷಾ ಕೇಂದ್ರವಿದ್ದುದು ಹನ್ನೊಂದು ಕಿಲೋಮೀಟರ್ ದೂರದ ತಾಲ್ಲೂಕು ಕೇಂದ್ರದಲ್ಲಿ. ನನ್ನ ವಿದ್ಯಾರ್ಥಿನಿಯೊಬ್ಬಳಿಗೆ ಬಸ್ಸು ತಪ್ಪಿಹೋಗಿತ್ತು. ಈ ವರ್ಷ ತೇರ್ಗಡೆಯಾಗದಿದ್ದರೆ ಓದು ಸಾಕು, ಮದುವೆಯೇ ಸರಿ ಎಂದು ಆಕೆಯ ತಂದೆ ಮೊದಲೇ ತೀರ್ಮಾನಿಸಿದ್ದರು. ನನ್ನ ಹಳೆಯ ಸ್ಕೂಟರಿನಲ್ಲಿ ಆಕೆಯನ್ನು ಕೂರಿಸಿಕೊಂಡು ಹೊರಟೆ. ಅರ್ಧದಾರಿಯಲ್ಲಿ ಸ್ಕೂಟರು ನಿಂತಿತು.

ಕಾಲು ಸೋಲುವವರೆಗೂ ಕಿಕ್ ಹೊಡೆದೆ. ಟ್ಯಾಂಕಿನಲ್ಲಿ ಪೆಟ್ರೋಲ್ ಇತ್ತು. ಜೊತೆಗಿದ್ದ ಹೊಸ ಪ್ಲಗ್ಗನ್ನು ಹಾಕಿ ನೋಡಿದೆ, ಪ್ರಯೋಜನವಾಗಲಿಲ್ಲ. ಹತ್ತಿರದಲ್ಲೇ ಇದ್ದ ಸೈಕಲ್ ಶಾಪಿನವನು ಬಂದು ಪ್ಲಗ್ ಬಿಚ್ಚಿ, ಅದನ್ನು ಕ್ಯಾಪಿಗೆ ಸಿಕ್ಕಿಸಿ, ಲೋಹದ ಭಾಗವನ್ನು ಎಂಜಿನ್ನಿಗೆ ತಾಗಿಸಿ ಹಿಡಿದು, "ಒಂದ್ಸಲ ಕಿಕ್ ಹೊಡೀರಿ" ಎಂದ. ಹೊಡೆದೆ. "ಕರೆಂಟೇ ಇಲ್ಲ ಮೇಷ್ಟ್ರೇ" ಎಂದ.

ಆ ಒಂದು ಮಾತಿನ ಹಿಂದೆ ನೂರಿಪ್ಪತ್ತು ವರ್ಷಗಳ ಇತಿಹಾಸವಿತ್ತೆಂಬುದನ್ನು ನಾನು ಅರಿತದ್ದು ಬಹಳ ಕಾಲದ ಮೇಲೆ.

ಎಂಜಿನ್ನಿನೊಳಗಿನ ಅನಿಲಕ್ಕೆ ಸರಿಯಾದ ಕ್ಷಣದಲ್ಲಿ ಕಿಡಿ ತಗುಲಿಸುವುದು ಹೇಗೆ? 1860ರಲ್ಲಿ ಪ್ಯಾರಿಸ್ಸಿನ ಲೆನ್ವಾರ್ ತನ್ನ ಅನಿಲ ಎಂಜಿನ್ನಿನಲ್ಲಿ ಬ್ಯಾಟರಿ ಹಾಗೂ ಸುರುಳಿಯಿಂದ ಹುಟ್ಟಿಸಿದ ವಿದ್ಯುತ್ ಕಿಡಿಯನ್ನು ಬಳಸಿದ. ಜರ್ಮನಿಯ ಡೈಮ್ಲರ್ ಬೇರೆ ದಾರಿ ಹಿಡಿದ. ಹೊರಗಿನಿಂದ ಜ್ವಾಲೆಯಿಟ್ಟು ಸದಾ ಕೆಂಪಗೆ ಕಾಯಿಸಿದ ಕೊಳವೆಯೇ ಅವನ ಬೆಂಕಿಕಡ್ಡಿ. ಕಾರ್ಲ್ ಬೆಂಜ್ ಮಾತ್ರ ವಿದ್ಯುತ್ತನ್ನೇ ನಂಬಿದ. 1888ರ ಆಗಸ್ಟಿನಲ್ಲಿ ಅವನ ಪತ್ನಿ ಬೆರ್ಥಾ, ಗಂಡನಿಗೆ ಹೇಳದೆಯೇ ಇಬ್ಬರು ಗಂಡುಮಕ್ಕಳೊಡನೆ ಮೂರು ಗಾಲಿಯ ಆ ವಾಹನವನ್ನೇರಿ ಮ್ಯಾನ್‌ಹೈಮಿನಿಂದ ಸುಮಾರು ನೂರು ಕಿಲೋಮೀಟರ್ ದೂರದ ಫೋರ್ಟ್ಸ್‌ಹೈಮಿನ ತವರಿಗೆ ಹೊರಟಳು. ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಬಿಡಿಸಿದಳು. ಕಿಡಿಯ ತಂತಿ ಕೆಟ್ಟಾಗ ಕಾಲುಚೀಲದ ಪಟ್ಟಿಯನ್ನೇ ಸುತ್ತಿ ಹೊದಿಕೆ ಮಾಡಿದಳು. ಮೋಟಾರು ವಾಹನದ ಮೊದಲ ದೂರಪ್ರಯಾಣದಲ್ಲಿಯೇ ಕಿಡಿಯ ತೊಂದರೆಯೂ ಕಾಣಿಸಿಕೊಂಡಿತು, ಅದರ ಪರಿಹಾರವೂ ದೊರೆಯಿತು!

ಬ್ಯಾಟರಿ ಬರಿದಾದರೆ ಆ ಕಿಡಿ ನಿಂತುಹೋಗುತ್ತಿತ್ತು. ಸುರುಳಿಯ ಬಳಿ ಕಾಂತವನ್ನು ಚಲಿಸಿದರೆ ವಿದ್ಯುತ್ ಹುಟ್ಟುತ್ತದೆಂದು ಫ್ಯಾರಡೆ 1831ರಲ್ಲೇ ತೋರಿಸಿಕೊಟ್ಟಿದ್ದ. ಇದೇ ತತ್ತ್ವದ ಮ್ಯಾಗ್ನೆಟೋವನ್ನು ಸ್ಟುಟ್‌ಗಾರ್ಟಿನ ರಾಬರ್ಟ್ ಬಾಷ್ 1887ರಲ್ಲಿ ಸ್ಥಾವರ ಎಂಜಿನ್ನಿಗಾಗಿ ತಯಾರಿಸಿದ. 1902ರಲ್ಲಿ ಅವನ ಸಹೋದ್ಯೋಗಿ ಹೊನೋಲ್ಡ್ ಹೆಚ್ಚು ವೋಲ್ಟೇಜಿನ ಮ್ಯಾಗ್ನೆಟೋವನ್ನೂ ಅದಕ್ಕೊಪ್ಪುವ ಸ್ಪಾರ್ಕ್ ಪ್ಲಗ್ಗನ್ನೂ ರೂಪಿಸಿದ. ಬೆಂಗಳೂರಿನ ಆಡುಗೋಡಿಯ 'ಮೈಕೋ' ನಮಗೆಲ್ಲ ಪರಿಚಿತವಷ್ಟೇ. 1951ರಲ್ಲಿ ಸ್ಥಾಪನೆಯಾಗಿ ಸ್ಪಾರ್ಕ್ ಪ್ಲಗ್ಗಿಗೆ ಮನೆಮಾತಾದ ಆ ಕಂಪನಿ 2008ರಲ್ಲಿ ಬಾಷ್ ಎಂದೇ ಹೆಸರು ಬದಲಿಸಿಕೊಂಡಿತು.

ಅಮೆರಿಕದಲ್ಲಿ ಬ್ಯಾಟರಿಯ ಕಿಡಿಯನ್ನು ನಂಬಿಕೆಗೆ ಅರ್ಹವಾಗಿಸಿದವನು ಚಾರ್ಲ್ಸ್ ಕೆಟರಿಂಗ್. ಅವನು ಮೊದಲು ನಮ್ಮಂತೆಯೇ ಹಳ್ಳಿಶಾಲೆಯ ಮೇಷ್ಟ್ರಾಗಿದ್ದವನೆಂಬುದು ನನಗೆ ಹೆಮ್ಮೆಯ ಸಂಗತಿ. ಅವನ ವ್ಯವಸ್ಥೆ 1910ರ ಮಾದರಿಯ ಕ್ಯಾಡಿಲಾಕ್ ಕಾರುಗಳಲ್ಲಿ ಬಂದಿತು. ಪಾಯಿಂಟುಗಳು ತೆರೆದುಕೊಂಡ ಕ್ಷಣದಲ್ಲಿ ಮೊದಲ ಸುರುಳಿಯ ಪ್ರವಾಹ ತಟ್ಟನೆ ಕಡಿದು, ಎರಡನೆಯ ಸುರುಳಿಯಲ್ಲಿ ಸಾವಿರಾರು ವೋಲ್ಟ್ ಚಿಮ್ಮುತ್ತದೆ. ಪಾಯಿಂಟುಗಳು ಸುಟ್ಟುಹೋಗದಂತೆ ಕಾಯುವುದು ಕಂಡೆನ್ಸರ್. ಮುಂದೆ ಹಲವು ದಶಕಗಳ ಕಾಲ ಮೆಕ್ಯಾನಿಕ್ಕುಗಳು ಕಿಡಿಯನ್ನು ಹುಡುಕಿದ ದಾರಿಯೂ ಇದೇ: ಪ್ಲಗ್ಗು, ಕ್ಯಾಪು, ದಪ್ಪ ತಂತಿ, ಸ್ವಿಚ್ಚಿನ ತಂತಿ, ಪಾಯಿಂಟು, ಕಂಡೆನ್ಸರ್, ಕಾಯಿಲ್. ಸುಲಭವಾದುದು ಮೊದಲು, ದುಬಾರಿಯಾದುದು ಕೊನೆಗೆ.

ಆ ಬೆಳಿಗ್ಗೆ ಸೈಕಲ್ ಶಾಪಿನವನು ಮಾಡಿದ್ದೂ ಅದನ್ನೇ. ಪ್ಲಗ್ಗು ಹೊಸದು, ಕ್ಯಾಪು ಗಟ್ಟಿಯಾಗಿತ್ತು. ಮೂರನೆಯದಾಗಿ ಸ್ವಿಚ್ಚಿಗೆ ಹೋಗುವ ತೆಳುವಾದ ತಂತಿಯನ್ನು ಕಳಚಿ ಮತ್ತೆ ಕಿಕ್ ಹೊಡೆಯಲು ಹೇಳಿದ. ಚಟ್ಟನೆ ನೀಲಿ ಕಿಡಿ! ಮ್ಯಾಗ್ನೆಟೋ ಇರುವ ಸ್ಕೂಟರಿನ ಎಂಜಿನ್ ಆರಿಸಲು ಸ್ವಿಚ್ಚು ಆ ತಂತಿಯನ್ನು ಸ್ಕೂಟರಿನ ಬಾಡಿಗೆ ಸೇರಿಸುತ್ತದೆ. ಹ್ಯಾಂಡಲ್ಲಿನ ಬುಡದಲ್ಲಿ ಉಜ್ಜಿ ಉಜ್ಜಿ ಹೊದಿಕೆ ಹರಿದಿದ್ದ ತಂತಿ ತಾನಾಗಿಯೇ ಬಾಡಿಗೆ ತಾಗಿತ್ತು. ಸ್ವಿಚ್ಚು ಆನ್ ಇದ್ದರೂ ಎಂಜಿನ್ನಿನ ಪಾಲಿಗೆ ಅದು ಆಫ್. ಅವನು ಹಳೆಯ ಸೈಕಲ್ ಟ್ಯೂಬಿನ ತುಂಡೊಂದನ್ನು ಕತ್ತರಿಸಿ ಬಿಗಿಯಾಗಿ ಸುತ್ತಿ ತಂತಿಯನ್ನು ಮತ್ತೆ ಜೋಡಿಸಿದ. ದುಡ್ಡು ಕೊಡಹೋದರೆ, "ಮೊದ್ಲು ಮಗೂನ ಬಿಟ್ಬನ್ನಿ" ಎಂದ.

ನಾವು ತಲುಪಿದಾಗ ಗಂಟೆ ಹೊಡೆದು ಹತ್ತು ನಿಮಿಷವಾಗಿತ್ತು. ಒಳಗೆ ಬಿಟ್ಟರು. ಆಕೆ ತೇರ್ಗಡೆಯಾದಳು, ಮುಂದೆ ಟಿ.ಸಿ.ಎಚ್. ಮುಗಿಸಿ ಶಿಕ್ಷಕಿಯೂ ಆದಳು.

ಫ್ಯಾರಡೆಯ ನಿಯಮವನ್ನು ನಾನು ವರ್ಷವರ್ಷವೂ ಕಪ್ಪುಹಲಗೆಯ ಮೇಲೆ ಚಿತ್ರ ಬರೆದು ಬೋಧಿಸುತ್ತಿದ್ದೆ. ಅದು ನನ್ನ ಸ್ಕೂಟರಿನೊಳಗೂ ಇದೆಯೆಂದು ಆ ದಿನ ನನಗೆ ಹೊಳೆದಿರಲಿಲ್ಲ. ಆ ನಿಯಮದ ಹೆಸರನ್ನೇ ಕೇಳಿರದವನಿಗೆ ತಿಳಿದಿತ್ತು. ಮರುವರ್ಷದಿಂದ ಆ ಪಾಠ ಬಂದಾಗಲೆಲ್ಲ ಮಕ್ಕಳನ್ನು ಹೊರಗೆ ಕರೆದೊಯ್ದು, ಸ್ಕೂಟರಿನ ಪ್ಲಗ್ ಬಿಚ್ಚಿ ಕಿಡಿ ತೋರಿಸುವುದನ್ನು ನಿವೃತ್ತಿಯವರೆಗೂ ತಪ್ಪಿಸಲಿಲ್ಲ. ಇಂದಿನ ವಾಹನಗಳಲ್ಲಿ ಪಾಯಿಂಟುಗಳಿಲ್ಲ. ದೋಷವನ್ನು ಗಣಕಯಂತ್ರವೇ ಸಂಕೇತದಲ್ಲಿ ತಿಳಿಸುತ್ತದೆ. ಆದರೆ ಹೊದಿಕೆ ಹರಿದ ತಂತಿ ಇಂದಿಗೂ ವಾಹನವನ್ನು ನಿಲ್ಲಿಸಬಲ್ಲದು.