ಇಸೆ ದೇವಾಲಯದ ಪುನರ್ನಿರ್ಮಾಣವೂ ಬೌದ್ಧ ಭಿಕ್ಷುಣಿಯರೂ

ಜಪಾನಿನ ಮಿಎ ಪ್ರಾಂತದಲ್ಲಿರುವ ಇಸೆ ಕ್ಷೇತ್ರವು ಶಿಂತೋ ಮತದ ದೇವಸ್ಥಾನಗಳಲ್ಲೆಲ್ಲ ಅಗ್ರಗಣ್ಯವಾದುದು. ಸೂರ್ಯದೇವಿಯಾದ ಅಮತೆರಸುವಿನ ಒಳಾಲಯವೂ ಅನ್ನದೇವತೆಯಾದ ತೊಯೊಉಕೆಯ ಹೊರಾಲಯವೂ ಇಲ್ಲಿ ಬೇರೆ ಬೇರೆಯಾಗಿ ನೆಲೆಗೊಂಡಿವೆ. ಒಳಾಲಯದ ಯಾತ್ರಿಕನು ಇಸುಜು ನದಿಯ ಮೇಲಣ ಉಜಿ ಸೇತುವೆಯನ್ನು ದಾಟಿ, ಕೈಬಾಯಿ ತೊಳೆದು, ಹೆಮ್ಮರಗಳ ನಡುವೆ ನಡೆದು ಬೇಲಿಯ ಮುಂದೆ ನಿಲ್ಲುತ್ತಾನೆ. ಅದರಾಚೆ ಅವನಿಗೆ ಕಾಣುವುದು ಹುಲ್ಲು ಹೊದಿಸಿದ ಮಾಡು ಮಾತ್ರ. ಅತಿ ಪ್ರಾಚೀನವೆಂದು ಖ್ಯಾತಿವೆತ್ತ ಆ ಕಟ್ಟಡವು 2013ರಲ್ಲಿ ಕಟ್ಟಿದುದು.

ಕ್ರಿ. ಶ. 690ರಲ್ಲಿ, ಜಿತೊ ರಾಣಿಯ ಆಳ್ವಿಕೆಯಲ್ಲಿ, ಒಳಾಲಯದ ಪ್ರಥಮ ಪುನರ್ನಿರ್ಮಾಣ ನಡೆಯಿತೆಂದು ಪ್ರತೀತಿ. ಇಪ್ಪತ್ತು ವರ್ಷಕ್ಕೊಮ್ಮೆ ಪಕ್ಕದ ಬರಿದಾದ ನಿವೇಶನದಲ್ಲಿ ಅದೇ ಅಳತೆಯ ಹೊಸ ಆಲಯವನ್ನೆತ್ತಿ, ದೇವಿಯನ್ನು ಅಲ್ಲಿಗೆ ಬಿಜಯಗೈಸಿ, ಹಳೆಯದನ್ನು ಬಿಚ್ಚುವುದು ಸಂಪ್ರದಾಯ. ಕಂಬಗಳನ್ನು ಕಲ್ಲಿನ ಮೇಲಿಡದೆ ನೆಲದಲ್ಲಿಯೇ ಹೂಳುವುದರಿಂದ ಮರವು ದೀರ್ಘಕಾಲ ಬಾಳುವುದೂ ಅಶಕ್ಯ. ಇದನ್ನು ಪರಕೀಯ ಸೋಂಕಿಲ್ಲದ, ಅವಿಚ್ಛಿನ್ನವಾದ ಪರಂಪರೆಯೆಂದು ಕೊಂಡಾಡುವವರುಂಟು. ಇತಿಹಾಸವು ಈ ಎರಡು ಮಾತುಗಳನ್ನೂ ಸಮರ್ಥಿಸುವುದಿಲ್ಲ.

ಬೌದ್ಧಮತವನ್ನು ದೂರವಿರಿಸಲು ಇಸೆಯಲ್ಲಿ ಕಟ್ಟುನಿಟ್ಟಾದ ನಿಯಮಗಳಿದ್ದುದೇನೋ ನಿಜ. ಸಂನ್ಯಾಸಿಗಳು ಆಲಯದ ಸಮೀಪಕ್ಕೆ ಬರುವಂತಿರಲಿಲ್ಲ, ದೂರದಿಂದಲೇ ವಂದಿಸಬೇಕಾಗಿತ್ತು. 927ರಲ್ಲಿ ಸಿದ್ಧವಾದ 'ಎಂಗಿಶಿಕಿ' ಎಂಬ ವಿಧಿಗ್ರಂಥದ ಪ್ರಕಾರ, ದೇವಿಯ ಸೇವೆಗೆ ನಿಯುಕ್ತಳಾದ ರಾಜಕುಮಾರಿಯ ನಿವಾಸದಲ್ಲಿ ಬುದ್ಧನ ಹೆಸರೆತ್ತುವುದೂ ನಿಷಿದ್ಧ: ಬುದ್ಧನು 'ನಡುವಿನವನು', ಸೂತ್ರಗ್ರಂಥವು 'ಬಣ್ಣದ ಕಾಗದ', ವಿಹಾರವು 'ಹೆಂಚಿನ ಮಾಡು', ತಲೆ ಬೋಳಿಸಿದ ಭಿಕ್ಷುವಾದರೋ 'ನೀಳಗೂದಲವನು'. ಆಲಂಕಾರಿಕರು ವಿಪರೀತಲಕ್ಷಣೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ಹುಡುಕಬೇಕಾಗಿಲ್ಲ. ಆದರೆ ಮರೆಮಾತು ಹುಟ್ಟುವುದು ನಿತ್ಯವೂ ನಾಲಗೆಗೆ ಬರುವ ವಸ್ತುವಿಗೇ ಅಲ್ಲವೆ?

15ನೆಯ ಶತಮಾನದ ಅಂತಃಕಲಹಗಳಲ್ಲಿ ರಾಜಬೊಕ್ಕಸ ಬರಿದಾಗಿ ಪುನರ್ನಿರ್ಮಾಣವೇ ನಿಂತುಹೋಯಿತು. 1434ರ ಅನಂತರ ಹೊರಾಲಯವೂ, 1462ರ ಅನಂತರ ಒಳಾಲಯವೂ ನೂರಿಪ್ಪತ್ತಕ್ಕೂ ಮಿಕ್ಕ ವರ್ಷಗಳ ಕಾಲ ವಿಧಿವತ್ತಾಗಿ ನವೀಕರಣಗೊಳ್ಳಲಿಲ್ಲ. ಮುರಿದ ಈ ಎಳೆಯನ್ನು ಕೂಡಿಸಿದವರು ಕೇಕೋಇನ್ ಎಂಬ ಬೌದ್ಧ ಮಠದ ಭಿಕ್ಷುಣಿಯರು. ಆ ಮಠದ ಸೇಜುನ್ ಎಂಬಾಕೆಯು ದೇಶದಲ್ಲಿ ದಾನವೆತ್ತಿ ತಂದ ಹಣದಿಂದ 1563ರಲ್ಲಿ ಹೊರಾಲಯವು ಮತ್ತೆ ಎದ್ದಿತು. ಆಕೆಯ ಉತ್ತರಾಧಿಕಾರಿಣಿ ಶುಯೊ ಎಂಬವಳ ಪ್ರಯತ್ನದಿಂದಲೂ ಹಿದೆಯೊಶಿಯ ಧನಸಹಾಯದಿಂದಲೂ 1585ರಲ್ಲಿ ಉಭಯ ಆಲಯಗಳೂ ಪೂರ್ಣಗೊಂಡವು. ಹೆಸರು ಹೇಳಬಾರದಾಗಿದ್ದ ಮತದವರೇ ಆಲಯವನ್ನು ಉಳಿಸಿಕೊಟ್ಟಂತಾಯಿತು.

1868ರಲ್ಲಿ ಮೇಜಿ ಸರಕಾರವು ಶಿಂತೋ ಬೌದ್ಧ ಮತಗಳನ್ನು ಆಜ್ಞಾಪೂರ್ವಕವಾಗಿ ಬೇರ್ಪಡಿಸಿದ ಬಳಿಕ ಕೇಕೋಇನ್ ಮಠವೂ ಅಳಿಯಿತು. ಅದರ ಅತಿಥಿಶಾಲೆ ಮಾತ್ರ ಉಳಿದಿದ್ದು, ಇಸೆಯ ಪ್ರಧಾನ ಅರ್ಚಕರ ಅಧಿಕೃತ ನಿವಾಸವಾಗಿದೆ.